ಅತ್ತೆಯ ನಂತರ ಗೃಹಲಕ್ಷ್ಮಿ: ಪಡಿತರ ಚೀಟಿಯ ಯಜಮಾನಿ ಬದಲಾದಾಗ ನಾವು ನಡೆದ ದಾರಿ

ಮನೆಯ ಯಜಮಾನಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಯಾರ ಹೆಸರಿಗೆ ಬರುತ್ತಿತ್ತೋ ಆ ಹಿರಿಯರು ತೀರಿಕೊಂಡರೆ ಮುಂದೇನು ಮಾಡಬೇಕು ಎಂಬುದನ್ನು ಕ್ರಮವಾಗಿ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಕೇಳಿದವರೆಲ್ಲರೂ ತಮಗೆ ಗೊತ್ತಿದ್ದಷ್ಟನ್ನು ಪ್ರೀತಿಯಿಂದಲೇ ಹೇಳಿದರು; ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತ್ರ ಅಲೆದಾಡಿದ ಮೇಲೆಯೇ ತಿಳಿಯಿತು. ಈಗ ನಮ್ಮ ಮನೆಯ ಕೆಲಸ ಮುಗಿದಿದೆ. ಇದೇ ಸ್ಥಿತಿಯಲ್ಲಿರುವ ಮನೆಗಳು ಮಂಗಳೂರಿನಲ್ಲಿ ಬೇಕಾದಷ್ಟು ಇರುತ್ತವೆ ಎಂಬ ಕಾರಣಕ್ಕೆ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಈ ಯೋಜನೆಗೆ 2023ರ ಜುಲೈ 19ರಂದು ನೋಂದಣಿ ಆರಂಭವಾಯಿತು, ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ನನ್ನ ಅತ್ತೆ ಆ ಮೊದಲ ವಾರಗಳಲ್ಲಿಯೇ ನೋಂದಾಯಿಸಿದವರು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಅವರ ಹೆಸರಿತ್ತು, ಖಾತೆ ಸರಿಯಾಗಿತ್ತು, ಫೋನು ಅವರದೇ ಆಗಿತ್ತು; ಹೀಗಾಗಿ ಅಂದು ಒಂದಿಷ್ಟೂ ತೊಡಕಾಗಿರಲಿಲ್ಲ. ಬಂದ ಹಣದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ, ಸಂಘದ ಕಂತು, ಮೊಮ್ಮಕ್ಕಳಿಗೆ ಏನಾದರೊಂದು ಆಗುತ್ತಿತ್ತು. ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ, ರಸೀದಿ ಕೊಡಬೇಕಾಗಿಲ್ಲ. ದುಡಿಯುವ ಮಕ್ಕಳ ಮುಂದೆ ಕೈ ಚಾಚದೆ ಬದುಕುವ ಸುಖವನ್ನು ಅವರು ಬಾಯಿಬಿಟ್ಟು ಹೇಳದಿದ್ದರೂ ಔಷಧಿ ಅಂಗಡಿಗೆ ಒಬ್ಬರೇ ಹೋಗಿ ಬರುತ್ತಿದ್ದ ರೀತಿಯಲ್ಲಿ ನನಗೆ ಅದು ಕಾಣುತ್ತಿತ್ತು.

ಅವರು ಕಳೆದ ಮಳೆಗಾಲದ ಆಟಿ ತಿಂಗಳಿನಲ್ಲಿ ಜೆಪ್ಪುವಿನ ನಮ್ಮ ಮನೆಯಲ್ಲಿಯೇ ತೀರಿಕೊಂಡರು. ಆಸ್ಪತ್ರೆಯಲ್ಲಿ ಮರಣವಾದರೆ ಆಸ್ಪತ್ರೆಯೇ ನೋಂದಣಿಗೆ ಮಾಹಿತಿ ಕಳುಹಿಸುತ್ತದೆ. ಮನೆಯಲ್ಲಾದರೆ ತಿಳಿಸುವ ಹೊಣೆ ಮನೆಯವರದು. ನಂದಿಗುಡ್ಡೆಯ ರುದ್ರಭೂಮಿಯಲ್ಲಿ ಕೊಟ್ಟ ಚೀಟಿಯನ್ನು ಗಡಿಬಿಡಿಯಲ್ಲಿ ಯಾರ ಜೇಬಿಗಾದರೂ ಸೇರಿಸಿಬಿಡದೆ ಜೋಪಾನವಾಗಿ ಇಟ್ಟುಕೊಳ್ಳಿ, ಏಕೆಂದರೆ ಮನೆಯಲ್ಲಿ ಸಂಭವಿಸಿದ ಮರಣಕ್ಕೆ ಅದೇ ದೊಡ್ಡ ಆಧಾರ. ನೋಡುತ್ತಿದ್ದ ವೈದ್ಯರಿಂದ ಮರಣದ ಕಾರಣ ಬರೆಸಿಕೊಂಡು, ಅತ್ತೆಯ ಆಧಾರ್ ಪ್ರತಿಯನ್ನೂ ಸೇರಿಸಿ, ಲಾಲ್‌ಬಾಗ್‌ನಲ್ಲಿರುವ ಮಹಾನಗರಪಾಲಿಕೆಯಲ್ಲಿ ನನ್ನ ಗಂಡ ಅರ್ಜಿ ಕೊಟ್ಟರು. ಇಪ್ಪತ್ತೊಂದು ದಿನಗಳೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವಿಲ್ಲ. ಮೂವತ್ತು ದಿನ ದಾಟಿದರೆ ಅನುಮತಿ ಬೇಕಾಗುತ್ತದೆ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕೆಲಸಗಳು ಮುಗಿಯಲಿ ಎಂದು ಕಾಯುವುದು ನಮ್ಮ ಕಡೆ ಸಹಜ, ಆದರೆ ಕಾನೂನಿನ ದಿನಗಳು ಅದಕ್ಕಾಗಿ ನಿಲ್ಲುವುದಿಲ್ಲ. ಪ್ರಮಾಣಪತ್ರದಲ್ಲಿ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿದ್ದಂತೆಯೇ ಇವೆಯೇ ಎಂದು ಕೌಂಟರಿನ ಮುಂದೆ ನಿಂತೇ ಓದಿ ನೋಡಿ, ಒಂದಕ್ಕಿಂತ ಹೆಚ್ಚು ಪ್ರತಿಗಳನ್ನು ತೆಗೆದುಕೊಳ್ಳಿ.

ಅಂಗನವಾಡಿಯ ಟೀಚರ್ ಸಾಂತ್ವನ ಹೇಳಲು ಮನೆಗೆ ಬಂದಿದ್ದಾಗ ಮೆಲ್ಲಗೆ ಒಂದು ಮಾತು ಹೇಳಿದರು. ಮರಣದ ನಂತರವೂ ಅತ್ತೆಯ ಖಾತೆಗೆ ಕಂತು ಬಂದರೆ ಅದನ್ನು ಎಟಿಎಂನಿಂದ ತೆಗೆಯಬಾರದು, ಅದು ಮನೆಯವರಿಗೆ ಸೇರಿದ ಹಣವಲ್ಲ, ಮರಣವನ್ನು ತನಗೆ ಬರವಣಿಗೆಯಲ್ಲಿ ತಿಳಿಸಿದರೆ ಮೇಲಿನ ಕಚೇರಿಗೆ ಕಳುಹಿಸುತ್ತೇನೆ ಎಂದರು. ದುಃಖದ ಮನೆಯಲ್ಲಿ ಹಣದ ಮಾತೇ ಎಂದು ನನ್ನ ಗಂಡನಿಗೆ ಬೇಸರವಾಯಿತು. ಆದರೆ ಆ ಹೊತ್ತಿನಲ್ಲಿ ನಮಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದೇ ಆಗಿತ್ತು. ಅದೇ ದಿನ ಇನ್ನೊಂದು ವಿಷಯವನ್ನೂ ಅವರು ಬಿಡಿಸಿ ಹೇಳಿದರು: ಗೃಹಲಕ್ಷ್ಮಿಯ ಹಣ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಪಡಿತರ ಚೀಟಿಯಲ್ಲಿ ಹೊಸ ಯಜಮಾನಿಯ ಹೆಸರು ಬಂದ ಮೇಲೆ ಅವರು ಹೊಸದಾಗಿ ಅರ್ಜಿ ಹಾಕಬೇಕು.

ಹೊಸ ಯಜಮಾನಿ ಯಾರು? ನೆಂಟರಿಷ್ಟರೆಲ್ಲರೂ ನಾನೇ ಎಂದುಕೊಂಡಿದ್ದರು. ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಂ ಪ್ರಕಾರ, ಪಡಿತರ ಚೀಟಿಯ ಮಟ್ಟಿಗೆ ಮನೆಯ ಮುಖ್ಯಸ್ಥೆ ಎಂದರೆ ಹದಿನೆಂಟು ವರ್ಷ ತುಂಬಿದ ಹೆಂಗಸರಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ನಮ್ಮ ಚೀಟಿಯಲ್ಲಿ ನನ್ನ ಗಂಡನ ಅಕ್ಕನ ಹೆಸರೂ ಇದೆ. ಬೆಳ್ತಂಗಡಿ ಕಡೆಗೆ ಮದುವೆಯಾಗಿ ಹೋಗಿದ್ದ ಅತ್ತಿಗೆ, ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆಗೆ ಬಂದು ನೆಲೆಸಿದವರು, ಬೀಡಿ ಕಟ್ಟಿ ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುತ್ತಿರುವವರು. ನನಗಿಂತ ಹಿರಿಯರಾದ ಅವರೇ ಇನ್ನು ಯಜಮಾನಿ. ಒಂದು ಗಳಿಗೆ ನನ್ನ ಮನಸ್ಸು ಸಣ್ಣದಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಚೀಟಿಯನ್ನು ಎರಡು ಮಾಡಿಸಿಕೊಳ್ಳಿ, ಆಗ ಇಬ್ಬರಿಗೂ ಬರುತ್ತದೆ ಎಂದು ಸಲಹೆ ಕೊಟ್ಟವರೂ ಇದ್ದರು. ಒಂದೇ ಒಲೆಯಲ್ಲಿ ಉಣ್ಣುವವರು ಎರಡು ಮನೆಯೆಂದು ಸುಳ್ಳು ಬರೆಯುವುದು ನಮಗೆ ಒಪ್ಪಿಗೆಯಾಗಲಿಲ್ಲ. ಅಲ್ಲದೆ ಹೊಸ ಚೀಟಿಯ ಅರ್ಜಿಗಳು ಎಷ್ಟು ಕಾಲ ಕಾಯುತ್ತವೆ ಎಂಬುದು ಊರಿಗೇ ಗೊತ್ತು, ಆ ಗೊಂದಲದಲ್ಲಿ ಇರುವ ಬಿಪಿಎಲ್ ಚೀಟಿಗೂ ಕುತ್ತು ಬಂದೀತು ಎಂಬ ಭಯವಿತ್ತು.

ಪಡಿತರ ಚೀಟಿಯ ತಿದ್ದುಪಡಿಯೇ ಈ ಎಲ್ಲ ಕೆಲಸಗಳಲ್ಲಿ ಹೆಚ್ಚು ಕಾಲ ತಿಂದದ್ದು. ಮೃತರ ಹೆಸರನ್ನು ತೆಗೆಯುವುದು ಮತ್ತು ಮುಖ್ಯಸ್ಥರನ್ನು ಬದಲಾಯಿಸುವುದು ಎರಡನ್ನೂ ಆಹಾರ ಇಲಾಖೆಯ ಜಾಲತಾಣದ ಮೂಲಕ ಮಾಡಿಸಬೇಕು. ನಾವು ಮಂಗಳೂರು ಒನ್ ಎಂದು ಕರೆಯುವ ಕರ್ನಾಟಕ ಒನ್ ಕೇಂದ್ರಗಳಲ್ಲಿ, ಹಳ್ಳಿಯಾದರೆ ಗ್ರಾಮ ಒನ್‌ನಲ್ಲಿ ಇದನ್ನು ಮಾಡಿಕೊಡುತ್ತಾರೆ. ಆದರೆ ತಿದ್ದುಪಡಿಯ ಅವಕಾಶ ಎಲ್ಲ ದಿನಗಳಲ್ಲಿಯೂ ತೆರೆದಿರುವುದಿಲ್ಲ. ತೆರೆದ ದಿನವೂ ಇಡೀ ರಾಜ್ಯ ಒಮ್ಮೆಲೇ ನುಗ್ಗುವುದರಿಂದ ಸರ್ವರ್ ಏಳುವುದಿಲ್ಲ. ಬೆಳಿಗ್ಗೆ ಹೋಗಿ ಟೋಕನ್ ಹಿಡಿದು ಕುಳಿತು, ಮಧ್ಯಾಹ್ನ ‘ಇವತ್ತು ಆಗಲಿಕ್ಕಿಲ್ಲ’ ಎಂಬ ಮಾತು ಕೇಳಿ ಮರಳುವುದು ಅಭ್ಯಾಸವಾಯಿತು. ಕೊನೆಗೆ ಕೇಂದ್ರದ ಹುಡುಗನ ಬಳಿ ನನ್ನ ಫೋನ್ ಸಂಖ್ಯೆ ಕೊಟ್ಟು, ತೆರೆದ ದಿನ ಒಂದು ಕರೆ ಮಾಡಬೇಕೆಂದು ಕೇಳಿಕೊಂಡೆ. ಅದರಿಂದ ಬಹಳಷ್ಟು ಬಸ್ ಖರ್ಚು ಉಳಿಯಿತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತವಲ್ಲವೇ ಎಂದು ಘಟ್ಟದ ಮೇಲಿನವರು ಕೇಳಬಹುದು. ಆ ಸೌಲಭ್ಯ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ನಗರದ ಓಡಾಟ ಬಹುಪಾಲು ಖಾಸಗಿ ಸಿಟಿ ಬಸ್ಸುಗಳದ್ದು, ಅಲ್ಲಿ ನಾವು ಟಿಕೆಟ್ ತೆಗೆದುಕೊಂಡೇ ಹೋಗಬೇಕು.

ಅವಕಾಶ ತೆರೆದಾಗ ಇನ್ನೊಂದು ತಡೆ ಎದುರಾಯಿತು. ಹೊಸ ಮುಖ್ಯಸ್ಥೆಯ ಬೆರಳಚ್ಚು ಬೇಕು. ಅತ್ತಿಗೆ ಹೆಬ್ಬೆರಳು ಒತ್ತಿದರು, ಯಂತ್ರ ಒಪ್ಪಲಿಲ್ಲ. ಎಡಗೈ, ಬಲಗೈ, ಒಂದೊಂದೇ ಬೆರಳು, ಬಟ್ಟೆಯಲ್ಲಿ ಒರೆಸಿ, ತಲೆಗೂದಲಿಗೆ ಉಜ್ಜಿ, ಏನು ಮಾಡಿದರೂ ಹೊಂದಿಕೆಯಾಗಲಿಲ್ಲ. ಹದಿಹರೆಯದಿಂದ ಒದ್ದೆ ಎಲೆಯನ್ನು ಕತ್ತರಿಸಿ, ಸುರುಟಿ, ತುದಿ ಮಡಚಿ ಸವೆದ ಬೆರಳುಗಳಲ್ಲಿ ಗೆರೆಗಳು ಉಳಿದಿರುವುದಾದರೂ ಹೇಗೆ? ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟುವವರಿಗೂ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರಿಗೂ ಇದು ಸಾಮಾನ್ಯ ಸಂಕಟ. ‘ಎಂತ ಮಾರಾಯ್ತಿ, ಬೆರಳಲ್ಲಿ ಗೆರೆ ಇಲ್ಲದಿದ್ದರೆ ನಾನೇ ಇಲ್ಲ ಅಂತ ಲೆಕ್ಕವಾ?’ ಎಂದು ಅತ್ತಿಗೆ ನಗುತ್ತಲೇ ಕೇಳಿದರು. ಸರದಿಯಲ್ಲಿ ಹಿಂದೆ ನಿಂತಿದ್ದವರು ಗೊಣಗತೊಡಗಿದ್ದರಿಂದ ನಾವು ಪಕ್ಕಕ್ಕೆ ಸರಿದು ನಿಲ್ಲಬೇಕಾಯಿತು.

ಹೀಗಾಗಿ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಹೊಸದಾಗಿ ಕೊಡಬೇಕಾಯಿತು. ಅತ್ತಿಗೆಯ ಆಧಾರ್‌ಗೆ ಸೇರಿದ್ದ ಮೊಬೈಲ್ ಸಂಖ್ಯೆ ಅವರ ಗಂಡನದು, ಅದು ನಿಂತುಹೋಗಿ ಬಹಳ ವರ್ಷಗಳಾಗಿವೆ ಎಂಬುದು ಅಲ್ಲಿಯೇ ಗೊತ್ತಾಯಿತು. ಮೊಬೈಲ್ ಸಂಖ್ಯೆಯೊಂದನ್ನೇ ಬದಲಾಯಿಸಲು 2025ರ ಅಕ್ಟೋಬರ್‌ನಿಂದ 75 ರೂಪಾಯಿ, ಬಯೋಮೆಟ್ರಿಕ್ ಬದಲಾವಣೆಗೆ 125 ರೂಪಾಯಿ. ಎರಡನ್ನೂ ಒಂದೇ ಸಲ ಮಾಡಿಸಿದರೆ 125ರಲ್ಲಿಯೇ ಮುಗಿಯುತ್ತದೆ, ಆದ್ದರಿಂದ ಬೇರೆ ಬೇರೆ ದಿನ ಹೋಗಬೇಡಿ. ಮೊಬೈಲ್ ಸಂಖ್ಯೆಯನ್ನು ಸೇರಿಸಲು ಯಾವ ದಾಖಲೆಯೂ ಬೇಡ, ಆದರೆ ಆಧಾರ್ ಯಾರದೋ ಅವರೇ ಹೋಗಬೇಕು. ಪಡಿತರ ಕೊಡುವ ಸೊಸೈಟಿಯಲ್ಲಿ ಕಣ್ಣಿನ ಪಾಪೆ ಓದುವ ಯಂತ್ರವಿದೆಯೇ ಎಂದು ವಿಚಾರಿಸಿಕೊಂಡರೆ ಬೆರಳು ಸವೆದವರಿಗೆ ಮುಂದೆ ಪ್ರತಿ ತಿಂಗಳೂ ಅನುಕೂಲವಾಗುತ್ತದೆ.

ಆಧಾರ್ ಸರಿಯಾದ ಮೇಲೆ ತಿದ್ದುಪಡಿಯ ಅರ್ಜಿ ಹೋಯಿತು, ಆಹಾರ ನಿರೀಕ್ಷಕರ ಪರಿಶೀಲನೆ ಆಯಿತು, ಬಹಳ ದಿನ ಕಾದ ಮೇಲೆ ಅತ್ತಿಗೆಯ ಭಾವಚಿತ್ರವಿರುವ ಚೀಟಿ ಕೈಗೆ ಬಂತು. ಈ ನಡುವೆ ಅಕ್ಕಿ ನಿಲ್ಲಲಿಲ್ಲ. ಉಳಿದ ಸದಸ್ಯರ ಬೆರಳಚ್ಚಿನಲ್ಲಿ ಸೊಸೈಟಿಯಿಂದ ತರುತ್ತಿದ್ದೆವು. ಅದು ಕುಚ್ಚಲಕ್ಕಿಯಲ್ಲ ಎಂಬ ಹಳೆಯ ದೂರು ಬೇರೆ ವಿಷಯ.

ಗೃಹಲಕ್ಷ್ಮಿಯ ಅರ್ಜಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಚೀಟಿಯ ಸಂಖ್ಯೆ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಓಟಿಪಿ ಬರುವ ಫೋನು, ಇಷ್ಟೇ. ಅತ್ತಿಗೆಯ ಗಂಡನ ಆಧಾರ್ ಕೇಳಿದರು. ಅವರು ತೀರಿಕೊಂಡಿದ್ದಾರೆ ಎಂದು ಮರಣ ಪ್ರಮಾಣಪತ್ರ ತೋರಿಸಿದೆವು. ವಿಧವೆಯರು ಅದರ ಪ್ರತಿಯೊಂದನ್ನು ಜೊತೆಯಲ್ಲಿ ಒಯ್ಯುವುದು ಒಳ್ಳೆಯದು. ನೋಂದಣಿ ಉಚಿತ, ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ನಮ್ಮ ಬೀದಿಯ ಇನ್ನೊಂದು ಮನೆಯಲ್ಲಿ ಅರ್ಜಿ ಈ ಹಂತದಲ್ಲಿಯೇ ತಿರಸ್ಕೃತವಾಗಿತ್ತು. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಈ ಯೋಜನೆ ಸಿಗುವುದಿಲ್ಲ. ಆ ಮನೆಯವರು ಹಿಂದೆ ಸಣ್ಣ ಅಂಗಡಿಗೆ ಜಿಎಸ್‌ಟಿ ನೋಂದಣಿ ಮಾಡಿಸಿ, ಲಾಕ್‌ಡೌನ್ ಕಾಲದಲ್ಲಿ ಬಾಗಿಲು ಹಾಕಿದ್ದರು. ಅಂಗಡಿ ಮುಚ್ಚಿದ್ದರೂ ದಾಖಲೆಯಲ್ಲಿ ಹೆಸರು ಉಳಿದಿತ್ತು. ಅಂಥವರು ನೋಂದಣಿ ರದ್ದಾದ ಆದೇಶದ ಪ್ರತಿಯೊಂದಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ, ಅಂದರೆ ಎಲ್ಲರೂ ಸಿಡಿಪಿಓ ಎನ್ನುವಲ್ಲಿಗೆ, ಮನವಿ ಕೊಡಬೇಕಾಗುತ್ತದೆ.

ನಮ್ಮ ಅರ್ಜಿ ಮಂಜೂರಾಯಿತು ಎಂದು ತಿಳಿದು ಸಮಾಧಾನವಾಯಿತು. ಆದರೆ ಹಣ ಬರಲಿಲ್ಲ. ಪಕ್ಕದ ಮನೆಯವರಿಗೆ ಕಂತು ಬಂದಾಗಲೆಲ್ಲ ಅತ್ತಿಗೆ ನನ್ನ ಕೈಯಲ್ಲಿ ಫೋನು ತೆಗೆಸಿ ನೋಡಿಸುತ್ತಿದ್ದರು. ತಡವಾಗಿ ಬರುವುದು ಇದ್ದದ್ದೇ, ಕಂತು ತಿಂಗಳಿನ ಇಂಥದೇ ದಿನ ಬರುತ್ತದೆಂದು ಯಾರೂ ನೆಚ್ಚಿಕೊಳ್ಳಬಾರದು. ಆದರೆ ಊರಿಗೆಲ್ಲ ಬಂದು ನಮಗೊಬ್ಬರಿಗೆ ಬಾರದಿದ್ದರೆ ಅದು ತಡವಲ್ಲ, ಎಲ್ಲೋ ತಪ್ಪಿದೆ ಎಂದೇ ಅರ್ಥ. ಖಾತೆಗೆ ನೇರವಾಗಿ ಬರುವ ಸರ್ಕಾರಿ ಹಣದ ವಿವರ ತೋರಿಸುವ ಡಿಬಿಟಿ ಕರ್ನಾಟಕ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಕೊಟ್ಟು ನೋಡಿದಾಗ, ಅತ್ತಿಗೆಯ ಆಧಾರ್‌ಗೆ ಜೋಡಣೆಯಾಗಿದ್ದ ಬ್ಯಾಂಕಿನ ಹೆಸರು ನಾವು ಪಾಸ್‌ಬುಕ್ ಕೊಟ್ಟ ಬ್ಯಾಂಕಿನದಲ್ಲ ಎಂಬುದು ಕಾಣಿಸಿತು.

ಇಲ್ಲಿರುವ ವ್ಯತ್ಯಾಸವನ್ನು ನಾನು ಬಿಡಿಸಿ ಬರೆಯಲೇಬೇಕು, ಏಕೆಂದರೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿಯೇ. ‘ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಆಧಾರ್ ಸಂಖ್ಯೆ ಇದೆ ಎಂದಷ್ಟೇ ಅರ್ಥ. ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಬ್ಯಾಂಕುಗಳ ನಡುವಿನ ಹಣ ಪಾವತಿಯ ವ್ಯವಸ್ಥೆ ನೋಡಿಕೊಳ್ಳುವ ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿ. ಎಷ್ಟೇ ಖಾತೆಗಳಿದ್ದರೂ ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಅರ್ಜಿಯ ಜೊತೆ ಯಾವ ಪಾಸ್‌ಬುಕ್ ಕೊಟ್ಟರೂ ಹಣ ಹೋಗುವುದು ಅಲ್ಲಿಗೇ. ಅತ್ತಿಗೆಗೆ ಗಂಡನ ಊರಿನಲ್ಲಿದ್ದಾಗ ಮಾಡಿಸಿದ್ದ ಜನಧನ್ ಖಾತೆಯೊಂದಿತ್ತು, ಪಟ್ಟಿಯಲ್ಲಿದ್ದದ್ದು ಅದು. ವಿಧವಾ ವೇತನಕ್ಕೆ ಅವರು ಎಂದೂ ಅರ್ಜಿ ಹಾಕದಿದ್ದ ಕಾರಣ ಆ ಖಾತೆಗೆ ಯಾವ ಹಣವೂ ಬರುತ್ತಿರಲಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ನಡೆಸದ ಖಾತೆಯನ್ನು ಬ್ಯಾಂಕುಗಳು ನಿಷ್ಕ್ರಿಯ ಎಂದು ಗುರುತಿಸುತ್ತವೆ. ಇದೂ ಹಾಗೆಯೇ ಮಲಗಿತ್ತು.

ನಾವು ಪಾಸ್‌ಬುಕ್ ಕೊಟ್ಟಿದ್ದ ಇನ್ನೊಂದು ಖಾತೆ ನಮ್ಮ ಕರಾವಳಿಯಲ್ಲಿಯೇ ಹುಟ್ಟಿದ ಬ್ಯಾಂಕಿನದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷದ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಸೇರಿದವು. ನಮ್ಮ ಎರಡು ಜಿಲ್ಲೆಗಳಲ್ಲಿ ಈ ಮೂರರಲ್ಲೊಂದರ ಹಳೆಯ ಪಾಸ್‌ಬುಕ್ ಇಲ್ಲದ ಮನೆ ಅಪರೂಪ. ಅದನ್ನು ಹಿಡಿದುಕೊಂಡು ಅರ್ಜಿ ಹಾಕುವ ಮೊದಲು ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿ, ಐಎಫ್‌ಎಸ್‌ಸಿ ಸಂಕೇತ ನೋಡಿಕೊಳ್ಳಿ. ನಮ್ಮ ಸಂದರ್ಭದಲ್ಲಿ ಹೆಸರಿನ ತೊಡಕೂ ಇತ್ತು: ಪಾಸ್‌ಬುಕ್‌ನಲ್ಲಿ ತವರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಒಂದು ಶಾಖೆಯಲ್ಲಿ ಅಫಿಡವಿಟ್ ತನ್ನಿ ಎಂದರು. ನೋಟರಿಯಿಂದ ಮಾಡಿಸಿ ಒಯ್ದರೆ, ಬೇರೆ ಕೌಂಟರಿನಲ್ಲಿ ಅದರ ಅಗತ್ಯವೇ ಇರಲಿಲ್ಲ ಎಂದರು. ಅತ್ತಿಗೆ ಮರುಮಾತಾಡಲಿಲ್ಲ, ಹೊರಗೆ ಬಂದು ‘ಇಷ್ಟು ಹೊತ್ತಿಗೆ ಅರ್ಧ ಸಾವಿರ ಬೀಡಿ ಕಟ್ಟುತ್ತಿದ್ದೆ’ ಎಂದರು.

ಕೊನೆಗೆ ಹೊಸ ಬ್ಯಾಂಕಿಗೆ ಜೋಡಣೆಯನ್ನು ವರ್ಗಾಯಿಸಲು ಒಪ್ಪಿಗೆ ಪತ್ರ ಕೊಟ್ಟೆವು. ಅದರಲ್ಲಿ ಹಿಂದಿನ ಬ್ಯಾಂಕಿನ ಹೆಸರು ಬರೆಯುವ ಜಾಗವೊಂದು ಇರುತ್ತದೆ, ಅದನ್ನು ಖಾಲಿ ಬಿಡಬೇಡಿ. ಪಿಂಚಣಿ, ಗ್ಯಾಸ್ ಸಬ್ಸಿಡಿ ಮುಂತಾದ ಬೇರೆ ಹಣ ಆಧಾರ್ ಮೂಲಕ ಬರುತ್ತಿದ್ದರೆ ಅವೆಲ್ಲವೂ ಇನ್ನು ಮುಂದೆ ಹೊಸ ಖಾತೆಗೇ ಹೋಗುತ್ತವೆ ಎಂಬುದು ನೆನಪಿರಲಿ. ಬದಲಾವಣೆ ಆಗಿದೆಯೇ ಎಂದು ಆಧಾರ್‌ನ ಅಧಿಕೃತ ಜಾಲತಾಣದಲ್ಲಿ ಓಟಿಪಿ ಕೊಟ್ಟು ನೋಡಬಹುದು, ಇಂಟರ್‌ನೆಟ್ ಇಲ್ಲದ ಫೋನಿನಿಂದ *99*99*1# ಒತ್ತಿಯೂ ತಿಳಿಯಬಹುದು. ಈ ಒಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿ ಎಂದು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಹಳೆಯ ಖಾತೆಗಳ ರಗಳೆಯೇ ಬೇಡವೆನಿಸಿದರೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಆಧಾರ್ ಮೇಲೆಯೇ ಹೊಸ ಖಾತೆ ತೆರೆಯಬಹುದು.

ಸಮಾಜಕಾರ್ಯ ಓದುತ್ತಿರುವ ನನ್ನ ಮಗಳು ಈ ಅಲೆದಾಟ ನಡೆಯುತ್ತಿದ್ದಾಗ ಒಂದು ವಿಷಯ ಹೇಳಿದಳು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ನಗರದಲ್ಲಿ, ಮೈಕಲ್ ಟಬ್ಸ್ ಮೇಯರ್ ಆಗಿದ್ದಾಗ, 2019ರ ಫೆಬ್ರವರಿಯಿಂದ ಎರಡು ವರ್ಷ 125 ನಿವಾಸಿಗಳಿಗೆ ತಿಂಗಳಿಗೆ 500 ಡಾಲರ್ ಯಾವ ಷರತ್ತೂ ಇಲ್ಲದೆ ಕೊಟ್ಟರಂತೆ. ಕಡಿಮೆ ಆದಾಯದ ಬಡಾವಣೆಗಳಿಂದ ಲಾಟರಿಯಂತೆ ಆರಿಸಿ, ಡೆಬಿಟ್ ಕಾರ್ಡ್‌ಗೆ ಹಣ ಹಾಕಿದರಂತೆ. ಅದಕ್ಕೂ ಮೊದಲೇ, 2011ರಲ್ಲಿ, ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಸ್ವಂತ ದುಡಿಮೆಯ ಹೆಂಗಸರ ಸಂಘಟನೆಯಾದ ‘ಸೇವಾ’ (SEWA) ಯುನಿಸೆಫ್ ನೆರವಿನಿಂದ ಇಂಥದೇ ಪ್ರಯೋಗ ನಡೆಸಿತ್ತು: ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿ, ಆಮೇಲೆ 300 ಮತ್ತು 150. ಅಲ್ಲಿ ಹಣ ಮನೆಗಲ್ಲ, ಒಬ್ಬೊಬ್ಬರಿಗೆ. ಹಾಗಾಗಿ ಮನೆಯ ಹಿರಿಯರು ತೀರಿಕೊಂಡರೆ ಅವರ ಪಾಲು ಮಾತ್ರ ನಿಲ್ಲುತ್ತದೆ, ಉಳಿದವರದು ನಡೆಯುತ್ತಿರುತ್ತದೆ. ನಮ್ಮಲ್ಲಿ ಲಾಟರಿಯಿಲ್ಲ, ಎರಡು ವರ್ಷದ ಮಿತಿಯೂ ಇಲ್ಲ, ಕೋಟಿಗೂ ಮೀರಿದ ಮನೆಗಳಿಗೆ ತಲುಪುತ್ತಿರುವ ಯೋಜನೆಯಿದು. ಇದನ್ನು ನಾನು ಕಡಿಮೆ ಎಣಿಸುವುದಿಲ್ಲ. ಆದರೆ ಇಡೀ ಮನೆಯ ಹಣ ಒಬ್ಬ ಹೆಂಗಸಿನ ಹೆಸರಿನ ಮೇಲೆ ನಿಂತಿರುವುದರಿಂದ, ಆ ಹೆಸರು ಅಳಿದ ದಿನವೇ ಮನೆಗೆ ಅದರ ಅಗತ್ಯ ಹೆಚ್ಚಾಗಿರುವಾಗ ಅದು ನಿಂತುಹೋಗುತ್ತದೆ. ಮರಣ ನೋಂದಣಿಯಾದ ಕೂಡಲೇ ಮುಂದಿನ ಹಿರಿಯ ಹೆಂಗಸಿಗೆ ತಾನಾಗಿಯೇ ಸೂಚನೆ ಹೋಗುವಂತೆ ಮಾಡುವುದು ಅಸಾಧ್ಯವೇನಲ್ಲ. ಚೀಟಿಯಲ್ಲಿ ಎಲ್ಲರ ವಯಸ್ಸೂ ಆಧಾರ್ ಸಂಖ್ಯೆಯೂ ಹೇಗಿದ್ದರೂ ಇವೆ.

ಖರ್ಚಿನ ಮಾತು ಹೇಳುವುದಾದರೆ, ಸರ್ಕಾರಕ್ಕೆ ಕಟ್ಟಿದ ಶುಲ್ಕ ಬಹಳ ಕಡಿಮೆ. ಬಸ್ಸು, ಆಟೋ, ಜೆರಾಕ್ಸ್, ನೋಟರಿಗೆ ಹೋದದ್ದು ಅದಕ್ಕಿಂತ ಹೆಚ್ಚು. ಎಲ್ಲಕ್ಕಿಂತ ದೊಡ್ಡದು ಅತ್ತಿಗೆ ಕಟ್ಟದೇ ಉಳಿದ ಬೀಡಿ ಮತ್ತು ನಾನು ಲೆಕ್ಕ ಬರೆಯುವ ಬಟ್ಟೆ ಅಂಗಡಿಯಲ್ಲಿ ಕಡಿತವಾದ ನನ್ನ ಸಂಬಳ. ನಡುವಿನ ತಿಂಗಳುಗಳ ಹಣ ನಮಗೆ ಹಿಂದಿನಿಂದ ಲೆಕ್ಕ ಹಾಕಿ ಬರಲಿಲ್ಲ. ಎಲ್ಲಿಯಾದರೂ ಅರ್ಜಿ ಸಿಕ್ಕಿಹಾಕಿಕೊಂಡರೆ 1902 ಸಂಖ್ಯೆಗೆ ಕರೆ ಮಾಡಬಹುದು. ತಾಲ್ಲೂಕು ಮಟ್ಟದಲ್ಲಿ ಗ್ಯಾರಂಟಿ ಯೋಜನೆಗಳ ಅನುಷ್ಠಾನ ಸಮಿತಿಗಳೂ ಇವೆ, ಅಲ್ಲಿ ಬರವಣಿಗೆಯಲ್ಲಿ ಕೊಟ್ಟ ದೂರಿಗೆ ಸ್ವೀಕೃತಿ ಕೇಳಿ ಪಡೆಯಿರಿ.

ಜೋಡಣೆ ಬದಲಾದ ಮುಂದಿನ ಕಂತಿನಲ್ಲಿಯೇ ಅತ್ತಿಗೆಯ ಖಾತೆಗೆ ಎರಡು ಸಾವಿರ ಜಮಾ ಆಯಿತು. ಅವರು ಅದರಲ್ಲಿ ಕನ್ನಡಕ ಬದಲಾಯಿಸಿದರು, ಸಂಜೆಯ ಹೊತ್ತು ಬೀಡಿ ಕಟ್ಟಲು ಹಳೆಯದರಲ್ಲಿ ಕಣ್ಣು ಸಾಲುತ್ತಿರಲಿಲ್ಲ. ನಮಗೆ ಇನ್ನೆರಡು ಕೆಲಸ ಬಾಕಿ ಇವೆ. ಅತ್ತೆಯ ಖಾತೆಯನ್ನು ಮುಚ್ಚಿಸಬೇಕು. ಅದಕ್ಕೆ ನಾಮಿನಿಯಾದ ನನ್ನ ಗಂಡನ ಗುರುತಿನ ದಾಖಲೆ ಮತ್ತು ಮರಣ ಪ್ರಮಾಣಪತ್ರದ ಪ್ರತಿ ಬೇಕೆಂದಿದ್ದಾರೆ. ಮತ್ತೆ ಅತ್ತಿಗೆಯ ವಿಧವಾ ವೇತನದ ಅರ್ಜಿಯನ್ನು ನಾಡಕಚೇರಿಯಲ್ಲಿ ಹಾಕಿಸಬೇಕು. ಅದಕ್ಕೆ ಬೇಕಾದ ಆಧಾರ್, ಮೊಬೈಲ್, ಖಾತೆ ಈಗ ಸರಿಯಿರುವುದರಿಂದ ಆದಾಯ ಪ್ರಮಾಣಪತ್ರವೊಂದನ್ನು ಮಾಡಿಸಿಕೊಂಡರೆ ಸಾಕಾದೀತು.